ಇನ್ಶೂರೆನ್ಸಿನ ‘ಆವರೇಜ್’ ಅಂದರೇನು, ಎಲ್ಲಿಂದ ಬಂತು? ಮುಂಬೈ ಕನ್ನಡಿಗರು ಪದೇ ಪದೇ ಕೇಳುವ ಪ್ರಶ್ನೆಗಳು

ಮಾಟುಂಗಾದ ಹೋಟೆಲಿರಲಿ, ಸಾಕಿನಾಕಾದ ಗಾಳಾ (ಸಣ್ಣ ಉದ್ಯಮದ ಜಾಗ) ಇರಲಿ, ಭಿವಂಡಿಯ ಗೋಡೌನ್ ಇರಲಿ, ಕಪಾಟಿನಲ್ಲಿ ಒಂದು ಫೈರ್ ಪಾಲಿಸಿ ಇದ್ದೇ ಇರುತ್ತದೆ. ಅದರ ಷರತ್ತುಗಳಲ್ಲಿ ‘ಆವರೇಜ್’ ಎಂಬ ಪದವೂ ಇರುತ್ತದೆ. ಕ್ಲೈಮ್ ಆಗುವ ತನಕ ಅದನ್ನು ಯಾರೂ ಓದುವುದಿಲ್ಲ. ಆದ ಮೇಲೆ ಬೇರೆ ಯಾವುದನ್ನೂ ಕೇಳುವುದಿಲ್ಲ. ಹೋಟೆಲ್ ನಡೆಸುವವರು, ಸಣ್ಣ ಫ್ಯಾಕ್ಟರಿಯವರು, ಹೊರದೇಶದಿಂದ ಮಾಲು ತರಿಸುವವರು ಮತ್ತೆ ಮತ್ತೆ ಕೇಳುವ ಪ್ರಶ್ನೆಗಳಿಗೆ ಇಲ್ಲಿ ಉತ್ತರಗಳಿವೆ.

ನನ್ನ ಪಾಲಿಸಿ 40 ಲಕ್ಷದ್ದು. ಸುಟ್ಟು ಹೋದದ್ದು 20 ಲಕ್ಷದ ಸಾಮಾನು ಮಾತ್ರ. ಆದರೂ 10 ಲಕ್ಷವೇ ಕೊಡುತ್ತೇವೆ ಅನ್ನುತ್ತಾರಲ್ಲ, ಇದು ಮೋಸ ಅಲ್ವಾ?

ಮೋಸ ಅಲ್ಲ. ಆವರೇಜ್ ಬಿದ್ದಿದೆ, ಅಷ್ಟೇ.

ನಷ್ಟ ಅಳೆಯುವ ಸರ್ವೇಯರ್ ಬಂದಾಗ ಸುಟ್ಟ ಸಾಮಾನನ್ನು ಮಾತ್ರ ನೋಡುವುದಿಲ್ಲ. ಬೆಂಕಿ ಬೀಳುವ ಮುಂಚೆ ಆ ಜಾಗದಲ್ಲಿದ್ದ ಒಟ್ಟು ಸಾಮಾನಿನ ಬೆಲೆ ಎಷ್ಟು ಅಂತಲೂ ಲೆಕ್ಕ ಹಾಕುತ್ತಾರೆ. ಅದು 80 ಲಕ್ಷ ಅಂತ ಬಂತು ಅಂದುಕೊಳ್ಳಿ. ನೀವು ವಿಮೆ ಮಾಡಿಸಿದ್ದು 40 ಲಕ್ಷಕ್ಕೆ, ಅಂದರೆ ಅರ್ಧಕ್ಕೆ. ಹಾಗಾಗಿ ಯಾವ ನಷ್ಟವಾದರೂ ಅರ್ಧ ಮಾತ್ರ ಕಂಪನಿಯದ್ದು. ಉಳಿದ ಅರ್ಧ ನಿಮ್ಮದು. 20 ಲಕ್ಷದಲ್ಲಿ 10 ಲಕ್ಷ ಬಂದದ್ದು ಹೀಗೆ. ಇದರಿಂದ ಎಕ್ಸೆಸ್ (ಕ್ಲೈಮಿನಲ್ಲಿ ನೀವೇ ಹೊರಬೇಕಾದ ಮೊದಲ ಭಾಗ) ಬೇರೆ ಕಳೆಯುತ್ತಾರೆ.

ತುಂಬಾ ಜನ ತಿಳಿದುಕೊಳ್ಳುವುದು ಬೇರೆಯೇ. ‘ಇಡೀ ಹೋಟೆಲ್ ಯಾವತ್ತೂ ಸುಡೋದಿಲ್ಲ, ಅಡುಗೆಮನೆ ಭಾಗ ಹೋದರೆ 40 ಲಕ್ಷ ಸಾಕು’ ಎಂಬ ಲೆಕ್ಕ. ಕೇಳಲಿಕ್ಕೆ ಚೆನ್ನಾಗಿದೆ. ಆದರೆ ಪಾಲಿಸಿ ಆ ಲೆಕ್ಕದಲ್ಲಿ ಬರೆದದ್ದಲ್ಲ.

ಆವರೇಜ್ ಅಂದರೆ ಸರಾಸರಿ. ಇಲ್ಲಿ ಯಾವುದರ ಸರಾಸರಿ ತೆಗೆದರು?

ಯಾವುದರದ್ದೂ ಅಲ್ಲ. ಮುಂಬೈಯಲ್ಲಿ ಈ ಪದಕ್ಕೆ ಮೂರು ಅರ್ಥ ಓಡಾಡುತ್ತವೆ. ಶಾಲೆಯಲ್ಲಿ ಅದು ಸರಾಸರಿ. ಬೈಕ್ ಕೊಳ್ಳುವಾಗ ‘ಆವರೇಜ್ ಎಷ್ಟು ಕೊಡುತ್ತೆ’ ಅಂದರೆ ಮೈಲೇಜ್. ಇನ್ಶೂರೆನ್ಸಿನಲ್ಲಿ ಮಾತ್ರ ಅದರ ಅರ್ಥ ನಷ್ಟ, ಅಥವಾ ನಷ್ಟವನ್ನು ಪಾಲು ಹಾಕುವುದು. ಕೆಲವರು ಪಾಲಿಸಿಯನ್ನು ಕನ್ನಡಕ್ಕೆ ತಿರುಗಿಸುವಾಗ ‘ಸರಾಸರಿ ಷರತ್ತು’ ಅಂತ ಬರೆದುಬಿಡುತ್ತಾರೆ. ಅದನ್ನು ಓದಿದವರಿಗೆ ಇದ್ದ ಅರ್ಥವೂ ಹೋಗುತ್ತದೆ. ‘ಪಾಲು ನಷ್ಟದ ಷರತ್ತು’ ಅಂದರೆ ವಿಷಯಕ್ಕೆ ಹತ್ತಿರ.

ಹಾಗಾದರೆ ಈ ಪದ ಎಲ್ಲಿಂದ ಬಂತು?

ಹಡಗುಕಟ್ಟೆಗಳಿಂದ. ಮೂಲ ಅರಬ್ಬಿಯ ‘ಅವಾರ್’ ಎಂಬ ಪದ ಅಂತ ಬಹಳಷ್ಟು ನಿಘಂಟುಗಳು ಹೇಳುತ್ತವೆ. ಮಾಲಿಗೆ ಆದ ಹಾಳು, ಕುಂದು ಎಂಬುದು ಅದರ ಅರ್ಥ. ಅರಬ್ ವ್ಯಾಪಾರಿಗಳೂ ಇಟಲಿಯ ವ್ಯಾಪಾರಿಗಳೂ ಮೆಡಿಟರೇನಿಯನ್ ಸಮುದ್ರದ ಬಂದರುಗಳಲ್ಲಿ ಒಟ್ಟಿಗೆ ವ್ಯವಹಾರ ಮಾಡುತ್ತಿದ್ದ ಕಾಲದಲ್ಲಿ ಅದು ಇಟಾಲಿಯನ್ನಿಗೆ ‘ಅವಾರಿಯಾ’ ಅಂತ ಹೋಯಿತು. ಫ್ರೆಂಚಿನಲ್ಲಿ ‘ಅವಾರಿ’ ಆಯಿತು. ಆ ಎರಡೂ ಭಾಷೆಗಳಲ್ಲಿ ಇವತ್ತಿಗೂ ಅದರ ಅರ್ಥ ಹಾನಿ, ಕೆಟ್ಟುಹೋಗುವುದು ಅಂತಲೇ. ಇಂಗ್ಲಿಷಿಗೆ ಬಂದದ್ದು 15ನೇ ಶತಮಾನದ ಕೊನೆಯ ಹೊತ್ತಿಗೆ. ಮೊದಲು ಮಾಲಿನ ಮೇಲೆ ಬೀಳುವ ಸುಂಕ, ಖರ್ಚಿಗೆ ಈ ಹೆಸರಿತ್ತು. ಆಮೇಲೆ ಹಡಗಿನ ನಷ್ಟವನ್ನು ಮಾಲಿನ ಒಡೆಯರಿಗೆಲ್ಲ ಸರಿಯಾಗಿ ಹಂಚುವುದಕ್ಕೆ ಅಂಟಿಕೊಂಡಿತು.

ಗಣಿತದ ಸರಾಸರಿ ಹುಟ್ಟಿದ್ದು ಈ ಹಂಚಿಕೆಯಿಂದ, ಅದೂ 18ನೇ ಶತಮಾನದಲ್ಲಿ. ಅಂದರೆ ನಮ್ಮ ಪಾಲಿಸಿಯಲ್ಲಿರುವುದೇ ಹಳೆಯ ಅರ್ಥ. ಶಾಲೆಯಲ್ಲಿ ಕಲಿತದ್ದು ಆಮೇಲಿನದ್ದು.

ನಷ್ಟ ಹಂಚಿಕೊಳ್ಳುವ ಪದ್ಧತಿ ಇನ್ಶೂರೆನ್ಸ್ ಕಂಪನಿಗಳು ಮಾಡಿದ್ದಾ?

ಅಲ್ಲ. ಅದು ಇನ್ಶೂರೆನ್ಸಿಗಿಂತ ಎಷ್ಟೋ ಹಳೆಯದು. ಗ್ರೀಸಿನ ರೋಡ್ಸ್ ದ್ವೀಪದವರ ಸಮುದ್ರ ಕಾನೂನಿನಲ್ಲಿ ಅದು ಇತ್ತು ಅಂತ ರೋಮನ್ನರು ಬರೆದಿಟ್ಟಿದ್ದಾರೆ. ಚಕ್ರವರ್ತಿ ಜಸ್ಟಿನಿಯನ್ 533ರಲ್ಲಿ ಹೊರಡಿಸಿದ ಕಾನೂನು ಸಂಗ್ರಹದಲ್ಲಿ ಅದಕ್ಕೊಂದು ಭಾಗವೇ ಇದೆ. ಹಡಗನ್ನು ಹಗುರ ಮಾಡಲು ಯಾರದ್ದೋ ಮಾಲನ್ನು ಸಮುದ್ರಕ್ಕೆ ಎಸೆದರೆ, ಎಲ್ಲರಿಗಾಗಿ ಹೋದದ್ದನ್ನು ಎಲ್ಲರೂ ಸೇರಿ ತುಂಬಿಕೊಡಬೇಕು ಎಂಬುದು ಅದರ ಸಾರ. ಇದಕ್ಕೇ ‘ಜನರಲ್ ಆವರೇಜ್’ ಅನ್ನುವುದು.

ಬಿರುಗಾಳಿಯ ಹೊತ್ತಿನಲ್ಲಿ ಯಾರ ಮೂಟೆ ಎಸೆಯಬೇಕು ಅಂತ ಚರ್ಚೆ ಮಾಡುತ್ತಾ ಕೂರಲು ಆಗುವುದಿಲ್ಲ. ಕೈಗೆ ಸಿಕ್ಕಿದ್ದನ್ನು ಎಸೆಯಬೇಕು. ಆಮೇಲೆ ದಡ ಸೇರಿದ ಮೇಲೆ ಲೆಕ್ಕ. ಈ ಭರವಸೆ ಇದ್ದರೆ ಮಾತ್ರ ವ್ಯಾಪಾರಿಗಳು ಅಡ್ಡ ಬರುವುದಿಲ್ಲ.

ಪ್ರೀಮಿಯಂ ಕಟ್ಟಿಸಿಕೊಳ್ಳುವ ಇನ್ಶೂರೆನ್ಸ್ ಬಂದದ್ದು ತುಂಬಾ ತಡವಾಗಿ. ನಮಗೆ ಸಿಕ್ಕಿರುವ ತೀರಾ ಹಳೆಯ ವಿಮಾ ಕರಾರುಗಳಲ್ಲಿ ಒಂದು ಇಟಲಿಯ ಜಿನೋವಾದ್ದು, 1347ರದ್ದು. ನಮ್ಮ ಪಶ್ಚಿಮ ಕರಾವಳಿಯಲ್ಲೂ ಇಂಥ ಒಂದು ಉಪಾಯ ಇತ್ತು. ಅದು ಜೋಖ್ಮಿ ಹುಂಡಿ. ಇಲ್ಲಿ ಹುಂಡಿ ಅಂದರೆ ಹಣ ಕೊಡುವಂತೆ ವ್ಯಾಪಾರಿಗಳು ಬರೆಯುತ್ತಿದ್ದ ಕಾಗದ. ಮಾಲು ಹೊತ್ತ ಹಡಗು ಬಂದು ಸೇರಿದರೆ ಮಾತ್ರ ಆ ಹುಂಡಿಯ ಹಣ ಕೊಡಬೇಕು. ಮುಳುಗಿದರೆ ಕೊಡಬೇಕಾಗಿಲ್ಲ. ಸಾಲವೂ ವಿಮೆಯೂ ಒಂದೇ ಕಾಗದದಲ್ಲಿ. ಬಾಂಬೆಯ ವ್ಯಾಪಾರಿಗಳಿಗೆ ಇದು ಚೆನ್ನಾಗಿ ಗೊತ್ತಿತ್ತು.

ಇವತ್ತು ಯಾರೂ ಮೂಟೆ ಎಸೆಯುವುದಿಲ್ಲ. ಈ ‘ಜನರಲ್ ಆವರೇಜ್’ ಇನ್ನೂ ಇದೆಯಾ?

ಇದೆ. ಬೇರೆ ಬೇರೆ ದೇಶಗಳಲ್ಲಿ ಬೇರೆ ಬೇರೆ ಲೆಕ್ಕ ಆಗಬಾರದು ಅಂತ 1864ರಲ್ಲಿ ಇಂಗ್ಲೆಂಡಿನ ಯಾರ್ಕಿನಲ್ಲಿ, ಆಮೇಲೆ 1877ರಲ್ಲಿ ಬೆಲ್ಜಿಯಂನ ಆಂಟ್‌ವರ್ಪಿನಲ್ಲಿ ಸಭೆ ಸೇರಿ ನಿಯಮ ಮಾಡಿದರು. ಅವೇ ಯಾರ್ಕ್-ಆಂಟ್‌ವರ್ಪ್ ನಿಯಮಗಳು. 2016ರಲ್ಲೂ ಅವನ್ನು ತಿದ್ದಿದ್ದಾರೆ. ನಮ್ಮಲ್ಲಿ 1963ರ ಸಾಗರ ವಿಮಾ ಕಾಯ್ದೆಯಲ್ಲಿ ಜನರಲ್ ಆವರೇಜ್ ಏನು ಅಂತ ಬರೆದಿದೆ.

2021ರ ಮಾರ್ಚಿನಲ್ಲಿ ಸೂಯೆಜ್ ಕಾಲುವೆಗೆ ಅಡ್ಡವಾಗಿ ನಿಂತ ಎವರ್ ಗಿವನ್ ಹಡಗು ನೆನಪಿದೆಯಲ್ಲ? ಅದನ್ನು ಬಿಡಿಸಿದ ಮೇಲೆ ಮಾಲೀಕರು ಜನರಲ್ ಆವರೇಜ್ ಘೋಷಿಸಿದರು. ಅಂದರೆ ಹಡಗನ್ನೂ ಮಾಲನ್ನೂ ಕಾಪಾಡಲು ಆದ ಖರ್ಚಿನಲ್ಲಿ ಅದರೊಳಗೆ ಕಂಟೇನರ್ ಇಟ್ಟಿದ್ದವರೆಲ್ಲ ಪಾಲು ಕೊಡಬೇಕು.

ಎಲ್ಲ ನಷ್ಟವೂ ಇದರಲ್ಲಿ ಬರುವುದಿಲ್ಲ. ಅಪಾಯ ನಿಜವಾಗಿ ಇರಬೇಕು. ಎಲ್ಲರನ್ನೂ ಉಳಿಸಲಿಕ್ಕೆ ಅಂತ ಬೇಕೆಂದೇ ಮಾಡಿದ ತ್ಯಾಗ ಅಥವಾ ಖರ್ಚು ಆಗಿರಬೇಕು. ಹಡಗಿಗೆ ಬೆಂಕಿ ಬಿದ್ದರೆ ಈ ವ್ಯತ್ಯಾಸ ಚೆನ್ನಾಗಿ ಕಾಣುತ್ತದೆ. ಬೆಂಕಿಯಲ್ಲಿ ಸುಟ್ಟ ಕಂಟೇನರ್ ಜನರಲ್ ಆವರೇಜ್ ಅಲ್ಲ, ಅದು ಆ ಮಾಲೀಕರ ಸ್ವಂತ ನಷ್ಟ. ಅದನ್ನು ಆರಿಸಲು ಹೊಡೆದ ನೀರಿನಿಂದ ಪಕ್ಕದ ಕಂಟೇನರಿನ ಬಟ್ಟೆ ಹಾಳಾದರೆ ಅದು ಜನರಲ್ ಆವರೇಜ್. ಹೊಗೆ ಹಿಡಿದು ಹಾಳಾದರೆ ಮತ್ತೆ ಅಲ್ಲ! ಒಂದೇ ಬೆಂಕಿ, ಮೂರು ಲೆಕ್ಕ.

ನ್ಹಾವಾ ಶೇವಾ ಬಂದರಿಗೆ ನನ್ನ ಕಂಟೇನರ್ ಬಂದಿದೆ. ಮಾಲಿಗೆ ಒಂದು ಗೀರೂ ಬಿದ್ದಿಲ್ಲ. ಆದರೂ ದುಡ್ಡು ಕಟ್ಟದೆ ಬಿಡುವುದಿಲ್ಲ ಅನ್ನುತ್ತಾರೆ. ಕಟ್ಟಬೇಕಾ?

ಜನರಲ್ ಆವರೇಜ್ ಘೋಷಣೆ ಆಗಿದ್ದರೆ ಕಟ್ಟಬೇಕು. ಮಾಲು ಸರಿಯಾಗಿ ಬಂದು ಸೇರಿದೆ ಎಂಬುದೇ ಕಟ್ಟಬೇಕಾದ ಕಾರಣ. ಉಳಿದವರು ಕೊಡಬೇಕು, ಕಳೆದುಕೊಂಡವರಿಗೆ ಸಿಗಬೇಕು.

ಒಂದು ಅಂದಾಜು ಲೆಕ್ಕ ನೋಡಿ. ಹಡಗಿನ ಬೆಲೆ, ಎಲ್ಲ ಮಾಲಿನ ಬೆಲೆ ಸೇರಿ 200 ಕೋಟಿ. ಆದ ತ್ಯಾಗ ಮತ್ತು ಖರ್ಚು 10 ಕೋಟಿ. ಅಲ್ಲಿಗೆ ಪ್ರತಿಯೊಬ್ಬರ ಪಾಲು 5%. ನಿಮ್ಮ ಕಂಟೇನರ್ 40 ಲಕ್ಷದ್ದಾದರೆ ನೀವು 2 ಲಕ್ಷ ಕೊಡಬೇಕು. ನಿಜವಾದ ಲೆಕ್ಕವನ್ನು ಆವರೇಜ್ ಅಡ್ಜಸ್ಟರ್ ಎಂಬ ಪರಿಣತರು ಮಾಡುತ್ತಾರೆ. ಅದಕ್ಕೆ ವರ್ಷಗಳೇ ಹಿಡಿಯಬಹುದು. ಅಲ್ಲಿಯ ತನಕ ಪಾಲು ಕೊಡುತ್ತೇನೆ ಅಂತ ನಿಮ್ಮಿಂದ ಆವರೇಜ್ ಬಾಂಡ್ ಬರೆಸಿಕೊಳ್ಳುತ್ತಾರೆ. ವಿಮೆ ಇದ್ದರೆ ವಿಮಾ ಕಂಪನಿ ಗ್ಯಾರಂಟಿ ಕೊಡುತ್ತದೆ, ಕಂಟೇನರ್ ಬಿಡುಗಡೆ ಆಗುತ್ತದೆ. ವಿಮೆ ಇಲ್ಲದಿದ್ದರೆ ನೀವೇ ಡೆಪಾಸಿಟ್ ಕಟ್ಟಬೇಕು.

ಮಾಲಿನ ಸಾಗರ ವಿಮೆಯ ಎ, ಬಿ, ಸಿ ಎಂಬ ಮೂರೂ ಕ್ಲಾಜುಗಳಲ್ಲಿ (ಷರತ್ತುಗಳ ಕಟ್ಟುಗಳಲ್ಲಿ) ಜನರಲ್ ಆವರೇಜಿನ ಪಾಲಿಗೆ ರಕ್ಷಣೆ ಇದೆ. ತೀರಾ ಕಡಿಮೆ ರಕ್ಷಣೆಯ, ಅಗ್ಗದ ಸಿ ಕ್ಲಾಜಿನಲ್ಲೂ ಇದೆ. ‘ಕಬ್ಬಿಣದ ಮಾಲು, ಏನಾಗುತ್ತೆ’ ಅಂತ ವಿಮೆ ಮಾಡಿಸದವರು ಸಿಕ್ಕಿಬೀಳುವುದು ಇಲ್ಲೇ. ಕಬ್ಬಿಣಕ್ಕೆ ಏನೂ ಆಗುವುದಿಲ್ಲ, ನಿಜ. ಆದರೆ ಪಾಲು ಬೀಳುತ್ತದೆ.

‘ಪರ್ಟಿಕ್ಯುಲರ್ ಆವರೇಜ್’ ಅಂತ ಇನ್ನೊಂದು ಓದಿದ್ದೇನೆ. ಅದೇನು?

ಹಂಚಿಕೊಳ್ಳಲಾಗದ, ಒಬ್ಬರದ್ದೇ ಆದ ಭಾಗಶಃ ನಷ್ಟ. ಹಳೆಯ ಪಾಲಿಸಿಗಳಲ್ಲಿ ‘ಫ್ರೀ ಫ್ರಮ್ ಪರ್ಟಿಕ್ಯುಲರ್ ಆವರೇಜ್’ ಅಂತ ಇರುತ್ತಿತ್ತು. ಫ್ರೀ ಅಂದಕೂಡಲೇ ಏನೋ ಪುಕ್ಕಟೆ ಸಿಗುತ್ತದೆ ಅನ್ನಿಸುತ್ತದೆ. ಕಥೆ ಉಲ್ಟಾ. ಭಾಗಶಃ ನಷ್ಟದ ಹೊಣೆಯಿಂದ ಕಂಪನಿ ಬಿಡಿಸಿಕೊಂಡಿದೆ ಎಂದು ಅದರ ಅರ್ಥ. 1982ರಲ್ಲಿ ಎ, ಬಿ, ಸಿ ಕ್ಲಾಜುಗಳು ಬಂದ ಮೇಲೆ ಈ ಗೊಂದಲ ಕಡಿಮೆಯಾಯಿತು.

ಸಮುದ್ರದ ಈ ಮಾತು ನನ್ನ ಹೋಟೆಲಿನ ಫೈರ್ ಪಾಲಿಸಿಗೆ ಯಾಕೆ ಬಂತು?

ಹಂಚಿಕೆಯ ತತ್ವ ಒಂದೇ ಆದ್ದರಿಂದ. ಹಡಗಿನಲ್ಲಿ ಪಾಲು ಕೊಡುವವರು ಹತ್ತಾರು ವ್ಯಾಪಾರಿಗಳು. ಫೈರ್ ಪಾಲಿಸಿಯಲ್ಲಿ ಪಾಲುದಾರರು ಇಬ್ಬರೇ, ನೀವು ಮತ್ತು ಕಂಪನಿ. ವಿಮೆ ಮಾಡಿಸದ ಭಾಗಕ್ಕೆ ನಿಮಗೆ ನೀವೇ ವಿಮಾ ಕಂಪನಿ ಅಂತ ಪಾಲಿಸಿಯಲ್ಲಿ ಬರೆದಿರುತ್ತದೆ. ಸುಮ್ನೆ ಅಲಂಕಾರದ ಮಾತಲ್ಲ ಅದು. ಆ ಭಾಗದ ಪ್ರೀಮಿಯಂ ನಿಮ್ಮ ಜೇಬಿನಲ್ಲೇ ಉಳಿದಿದೆ, ಹಾಗಾಗಿ ಆ ಭಾಗದ ನಷ್ಟವೂ ನಿಮ್ಮದೇ.

ಇದರ ಹಿಂದೆ ನ್ಯಾಯ ಇದೆ ಅಂತಲೇ ನನ್ನ ಅಭಿಪ್ರಾಯ. ಬೆಂಕಿ ಅನಾಹುತಗಳಲ್ಲಿ ಹೆಚ್ಚಿನವು ಭಾಗಶಃ ನಷ್ಟ. 80 ಲಕ್ಷಕ್ಕೆ ಪ್ರೀಮಿಯಂ ಕಟ್ಟಿದವರಿಗೂ 40 ಲಕ್ಷಕ್ಕೆ ಕಟ್ಟಿದವರಿಗೂ 20 ಲಕ್ಷ ಪೂರ್ತಿ ಕೊಟ್ಟರೆ ಪೂರ್ತಿ ಕಟ್ಟಿದವರು ಪೆದ್ದರಾಗುತ್ತಾರೆ. ಆದರೆ ಪಾಲಿಸಿ ಮಾರುವಾಗ ಈ ಮಾತನ್ನು ಬಾಯಿಬಿಟ್ಟು ಹೇಳದೆ, ‘ಪ್ರೀಮಿಯಂ ಕಡಿಮೆ ಮಾಡಿಕೊಡ್ತೇನೆ ಅಣ್ಣ’ ಅಂತ ಮೊತ್ತ ಇಳಿಸಿ ಕೊಡುತ್ತಾರಲ್ಲ, ಅದರಲ್ಲಿ ನ್ಯಾಯ ಇಲ್ಲ.

ಫರ್ನಿಚರ್ ಮೇಲೆ ಜಾಸ್ತಿ ಮೊತ್ತ ಹಾಕಿದ್ದೇನೆ, ಮೆಷಿನರಿ ಮೇಲೆ ಕಡಿಮೆ. ಒಟ್ಟು ಸರಿಯಾಗಿದೆಯಲ್ಲ?

ಒಟ್ಟು ನೋಡುವುದಿಲ್ಲ. ಪ್ರತಿ ಐಟಮ್ಮಿಗೂ ಈ ಷರತ್ತು ಬೇರೆ ಬೇರೆಯಾಗಿ ಅನ್ವಯಿಸುತ್ತದೆ. ಗ್ರೈಂಡರ್, ಡೀಪ್ ಫ್ರಿಜ್, ಎಕ್ಸಾಸ್ಟ್ ಎಲ್ಲ ಸೇರಿದ ಮೆಷಿನರಿಯಲ್ಲಿ ವಿಮಾ ಮೊತ್ತದ ಕೊರತೆ ಇದ್ದರೆ ಫರ್ನಿಚರಿನಲ್ಲಿ ಹೆಚ್ಚಿರುವುದು ಅದಕ್ಕೆ ಸಹಾಯ ಮಾಡುವುದಿಲ್ಲ. ಹೆಚ್ಚಿರುವ ಕಡೆಯೂ ನಿಜವಾದ ನಷ್ಟಕ್ಕಿಂತ ಒಂದು ರೂಪಾಯಿ ಜಾಸ್ತಿ ಕೊಡುವುದಿಲ್ಲ. ಎರಡೂ ಕಡೆ ಲುಕ್ಸಾನು.

ಬೆಲೆ ಹಾಕುವಾಗ ಯಾವ ಬೆಲೆ ಎಂಬುದೂ ಮುಖ್ಯ. ರೀಇನ್‌ಸ್ಟೇಟ್‌ಮೆಂಟ್ ಆಧಾರದ ಪಾಲಿಸಿ ಆದರೆ ಇವತ್ತು ಹೊಸದಾಗಿ ಕೊಳ್ಳುವ ಬೆಲೆ ಹಾಕಬೇಕು. ಹತ್ತು ವರ್ಷದ ಹಿಂದಿನ ಬಿಲ್ಲನ್ನು ನೋಡಿ ಹಾಕಿದರೆ ಆವರೇಜ್ ಬೀಳುವುದು ಗ್ಯಾರಂಟಿ. ಮಾರ್ಕೆಟ್ ವ್ಯಾಲ್ಯೂ ಪಾಲಿಸಿ ಆದರೆ ಸವಕಳಿ ಕಳೆದ ಬೆಲೆ, ಕ್ಲೈಮ್ ಕೂಡ ಅದರಂತೆಯೇ. ಇನ್ನೊಂದು ಸಂಗತಿ ಹೋಟೆಲಿನವರು ಮರೆಯುತ್ತಾರೆ. 5% ಜಿಎಸ್‌ಟಿಯ ಹೋಟೆಲಿಗೆ ಇನ್‌ಪುಟ್ ಕ್ರೆಡಿಟ್ (ಕೊಳ್ಳುವಾಗ ಕೊಟ್ಟ ತೆರಿಗೆಯನ್ನು ಕಟ್ಟಬೇಕಾದ ತೆರಿಗೆಯಲ್ಲಿ ಕಳೆಯುವುದು) ಸಿಗುವುದಿಲ್ಲ. ಹೊಸ ಮೆಷಿನ್ ಕೊಂಡಾಗ ಕೊಟ್ಟ ಜಿಎಸ್‌ಟಿ ನಿಮ್ಮ ಖರ್ಚೇ. ಹಾಗಾಗಿ ಅದನ್ನೂ ಸೇರಿಸಿ ಮೊತ್ತ ಹಾಕಿಸಬೇಕು.

ನನ್ನ ಗಾಳಾದ ಬೆಲೆ ಈಗ ಎರಡು ಕೋಟಿ. ಅಷ್ಟಕ್ಕೂ ಮಾಡಿಸಬೇಕಾ?

ಬೇಡ. ಮುಂಬೈಯಲ್ಲಿ ಎರಡು ಕೋಟಿಯ ಬಹುಪಾಲು ಜಾಗದ ಬೆಲೆ. ಜಾಗ ಸುಡುವುದಿಲ್ಲ. ಮತ್ತೆ ಕಟ್ಟಲು ಎಷ್ಟು ಬೇಕೋ ಅಷ್ಟು ಲೆಕ್ಕ ಹಾಕಿ. ಚದರ ಅಡಿಗೆ ಇವತ್ತಿನ ಕಟ್ಟುವ ಖರ್ಚನ್ನು ವಿಸ್ತೀರ್ಣದಿಂದ ಗುಣಿಸಿದರೆ ಒಂದು ಅಂದಾಜು ಸಿಗುತ್ತದೆ. ಈ ಊರಿನ ವಿಚಿತ್ರ ನೋಡಿ, ಕಟ್ಟಡಕ್ಕೆ ಬೇಡದಷ್ಟು ವಿಮೆ ಮಾಡಿಸಿದವರೇ ಒಳಗಿನ ಸಾಮಾನಿಗೆ ಅರೆಬರೆ ಮಾಡಿಸಿರುತ್ತಾರೆ.

ಪಾಲಿಸಿ ಬ್ಯಾಂಕಿನವರೇ ಮಾಡಿಸಿದ್ದು. ಅವರು ಸರಿಯಾಗಿ ಮಾಡಿಸಿರುವುದಿಲ್ಲವೇ?

ಬ್ಯಾಂಕಿಗೆ ಬೇಕಾದದ್ದು ತನ್ನ ಸಾಲದ ರಕ್ಷಣೆ. ಸಾಲ 30 ಲಕ್ಷ ಇದ್ದರೆ ಎಷ್ಟೋ ಸಲ ಪಾಲಿಸಿಯೂ 30 ಲಕ್ಷದ್ದೇ ಇರುತ್ತದೆ. ನಿಮ್ಮ ಸ್ಟಾಕ್ 75 ಲಕ್ಷದ್ದಾದರೆ 100 ರೂಪಾಯಿ ನಷ್ಟಕ್ಕೆ 40 ರೂಪಾಯಿ ಮಾತ್ರ ಬರುತ್ತದೆ. ಅದೂ ಮೊದಲು ಬ್ಯಾಂಕಿನ ಖಾತೆಗೆ. ಮುಂಬೈಯ ಸಣ್ಣ ವ್ಯಾಪಾರಗಳಲ್ಲಿ ಆವರೇಜ್ ಬೀಳಲು ನಾನು ಕಂಡ ಮುಖ್ಯ ಕಾರಣ ಇದೇ. ಪಾಲಿಸಿ ಪ್ರತಿಯನ್ನು ಬ್ಯಾಂಕಿನಿಂದ ತರಿಸಿ ಓದಿ. ಕೊಡಲು ತಡ ಮಾಡಿದರೆ ಬರೆದು ಕೇಳಿ.

ಪಗಡಿ (ದೊಡ್ಡ ಮೊತ್ತ ಕೊಟ್ಟು ಹಿಡಿದ ಹಳೆಯ ಬಾಡಿಗೆ) ಜಾಗ, ಅಥವಾ ಹೋಟೆಲ್ ಕಂಡಕ್ಟಿಂಗ್‌ಗೆ (ಮಾಲೀಕರಿಗೆ ಹಣ ಕೊಟ್ಟು ನಡೆಸಲು) ತೆಗೆದುಕೊಂಡಿದ್ದೇನೆ. ಯಾರ ಹೆಸರಿನಲ್ಲಿ ಮಾಡಿಸಬೇಕು?

ಯಾರಿಗೆ ನಷ್ಟವಾಗುತ್ತದೋ ಅವರು ಆ ಭಾಗಕ್ಕೆ ಮಾಡಿಸಬೇಕು. ಕಂಡಕ್ಟಿಂಗ್‌ನಲ್ಲಿ ಮೆಷಿನರಿ ಮಾಲೀಕರದ್ದು, ಸ್ಟಾಕ್ ನಿಮ್ಮದು, ಇಂಟೀರಿಯರ್ ಅರ್ಧರ್ಧ ಅಂತೆಲ್ಲ ಇರುತ್ತದೆ. ಕರಾರಿನಲ್ಲಿ ಸ್ಪಷ್ಟ ಇಲ್ಲದಿದ್ದರೆ ಸರ್ವೇಯರ್ ಒಟ್ಟು ಬೆಲೆಯಲ್ಲಿ ಯಾವುದನ್ನು ಸೇರಿಸಬೇಕು, ಯಾವುದನ್ನು ಬಿಡಬೇಕು ಎಂಬ ಜಗಳ ಶುರುವಾಗುತ್ತದೆ. ಮಾಲೀಕರ ಸಾಮಾನನ್ನು ನಿಮ್ಮ ಲೆಕ್ಕಕ್ಕೆ ಸೇರಿಸಿಬಿಟ್ಟರೆ ಕೊರತೆ ಇನ್ನೂ ಜಾಸ್ತಿ ಕಾಣುತ್ತದೆ. ಒಂದು ಪಟ್ಟಿ ಮಾಡಿ ಇಬ್ಬರೂ ಸಹಿ ಹಾಕಿಡಿ.

ದೀಪಾವಳಿಗೆ ಸ್ಟಾಕ್ ಮೂರು ಪಟ್ಟು ಆಗುತ್ತದೆ. ಆಮೇಲೆ ಖಾಲಿ. ವರ್ಷವಿಡೀ ಜಾಸ್ತಿ ಪ್ರೀಮಿಯಂ ಯಾಕೆ ಕಟ್ಟಲಿ?

ಆವರೇಜ್ ನೋಡುವುದು ನಷ್ಟವಾದ ದಿನದ ಬೆಲೆಯನ್ನು. ಹಬ್ಬದ ಸ್ಟಾಕ್ ಇದ್ದಾಗ ಬೆಂಕಿ ಬಿದ್ದರೆ, ಮಾಮೂಲು ಸ್ಟಾಕಿಗೆ ಮಾಡಿಸಿದ ವಿಮೆ ಮೂರರಲ್ಲಿ ಒಂದು ಪಾಲಿಗೆ ಮಾತ್ರ ಸಾಲುತ್ತದೆ. ದೊಡ್ಡ ಸ್ಟಾಕಿನವರಿಗೆ ಡಿಕ್ಲರೇಶನ್ ಪಾಲಿಸಿ ಇದೆ. ಗರಿಷ್ಠ ಮೊತ್ತಕ್ಕೆ ಮಾಡಿಸಿ, ಆಗಾಗ ಸ್ಟಾಕ್ ತಿಳಿಸುತ್ತಾ ಹೋದರೆ ಕೊನೆಗೆ ಪ್ರೀಮಿಯಂ ಸರಿಹೊಂದಿಸುತ್ತಾರೆ. ಮಾಲು ಭಿವಂಡಿಯಿಂದ ತಳೋಜಾಕ್ಕೆ, ತಳೋಜಾದಿಂದ ಅಂಗಡಿಗೆ ಓಡಾಡುತ್ತಿದ್ದರೆ ಫ್ಲೋಟರ್ ನೋಡಿ. ಎಲ್ಲ ಜಾಗಕ್ಕೂ ಒಂದೇ ಮೊತ್ತ. ಆದರೆ ಆ ಮೊತ್ತ ಎಲ್ಲ ಜಾಗದ ಒಟ್ಟು ಸ್ಟಾಕಿಗೆ ಸಾಲಬೇಕು.

ಸಣ್ಣವರಿಗೆ ಇದರಿಂದ ಏನಾದರೂ ರಿಯಾಯಿತಿ ಇದೆಯಾ?

ಇದೆ. 2021ರ ಏಪ್ರಿಲ್ 1ರಿಂದ ಭಾರತ್ ಸೂಕ್ಷ್ಮ ಉದ್ಯಮ್ ಸುರಕ್ಷಾ ಎಂಬ ಪಾಲಿಸಿ ಇದೆ. ಒಂದು ಜಾಗದಲ್ಲಿ ಒಟ್ಟು ಬೆಲೆ 5 ಕೋಟಿ ಮೀರದ ವ್ಯಾಪಾರಕ್ಕೆ ಇದು. 5 ಕೋಟಿಯಿಂದ 50 ಕೋಟಿ ತನಕ ಭಾರತ್ ಲಘು ಉದ್ಯಮ್ ಸುರಕ್ಷಾ. ಇವುಗಳಲ್ಲಿ 15% ತನಕದ ಕೊರತೆಯನ್ನು ಲೆಕ್ಕಕ್ಕೆ ಹಿಡಿಯುವುದಿಲ್ಲ. ಅದಕ್ಕಿಂತ ಜಾಸ್ತಿ ಆದರೆ ಆವರೇಜ್ ಬೀಳುತ್ತದೆ.

ಮನೆಗೂ ಆವರೇಜ್ ಬೀಳುತ್ತದಾ?

ಅದೇ ದಿನ ಜಾರಿಗೆ ಬಂದ ಭಾರತ್ ಗೃಹ ರಕ್ಷಾ ಪಾಲಿಸಿಯಲ್ಲಿ ಬೀಳುವುದಿಲ್ಲ. ಕೊರತೆಯನ್ನು ಪೂರ್ತಿ ಮನ್ನಾ ಮಾಡಿದ್ದಾರೆ. ಆದರೆ ವಿಮಾ ಮೊತ್ತಕ್ಕಿಂತ ಜಾಸ್ತಿ ಸಿಗುವುದಿಲ್ಲ.

ಮಳೆ ನೀರು ನುಗ್ಗಿದರೂ ಇದೇ ಲೆಕ್ಕವಾ?

ಇದೇ. 2005ರ ಜುಲೈ 26ಕ್ಕೆ ಸಾಂತಾಕ್ರೂಜಿನಲ್ಲಿ 24 ಗಂಟೆಯಲ್ಲಿ 944 ಮಿಲಿಮೀಟರ್ ಮಳೆ ಬಿದ್ದಿತ್ತು. ಆವತ್ತು ಕುರ್ಲಾ, ಕಲೀನಾದ ಕಡೆ ನೆಲಮಹಡಿಯ ಗಾಳಾಗಳಿಗೆಲ್ಲ ನೀರು ನುಗ್ಗಿತ್ತು. ಅಂಥ ದಿನ ಹಾಳಾಗುವುದು ಕೆಳಗಿಟ್ಟ ಮಾಲು ಮಾತ್ರ, ಮೇಲಿನ ರ‍್ಯಾಕಿನದ್ದು ಉಳಿಯುತ್ತದೆ. ಆದರೆ ಆವರೇಜ್ ಲೆಕ್ಕದಲ್ಲಿ ಮೇಲಿನ ರ‍್ಯಾಕಿನದ್ದೂ ಸೇರುತ್ತದೆ.

ಆಸ್ಪತ್ರೆ ಬಿಲ್ಲಿನಲ್ಲೂ ಹೀಗೆ ಕತ್ತರಿಸುತ್ತಾರಲ್ಲ, ಅದೂ ಆವರೇಜಾ?

ಹೆಸರು ಬೇರೆ, ಲೆಕ್ಕದ ರೀತಿ ಅದೇ. ರೂಮ್ ಬಾಡಿಗೆಗೆ ದಿನಕ್ಕೆ 5,000 ಮಿತಿ ಇದ್ದು ನೀವು 10,000ದ ರೂಮ್ ತೆಗೆದುಕೊಂಡರೆ ರೂಮಿನ ವ್ಯತ್ಯಾಸ ಮಾತ್ರ ಅಲ್ಲ, ಡಾಕ್ಟರ್ ಫೀಸಿನಂಥ ಖರ್ಚನ್ನೂ ಅರ್ಧ ಮಾಡಬಹುದು. ಆದರೆ ಔಷಧಿ, ಇಂಪ್ಲಾಂಟ್, ಟೆಸ್ಟುಗಳ ಬಿಲ್ಲಿಗೆ ಈ ಕತ್ತರಿ ಹಾಕುವಂತಿಲ್ಲ ಅಂತ ವಿಮಾ ನಿಯಂತ್ರಕ ಐಆರ್‌ಡಿಎಐ 2020ರಲ್ಲೇ ಹೇಳಿದೆ. ಐಸಿಯು ಖರ್ಚಿಗೂ ಹಾಕುವಂತಿಲ್ಲ. ರೂಮಿಗೆ ತಕ್ಕಂತೆ ದರ ಬದಲಿಸದ ಆಸ್ಪತ್ರೆಯಲ್ಲಂತೂ ಈ ಕಡಿತವೇ ಇಲ್ಲ. ಬಿಲ್ ಬಂದಾಗ ಸಾಲು ಸಾಲಾಗಿ ನೋಡಿ.

ಸರ್ವೇಯರ್ ಹಾಕಿದ ಒಟ್ಟು ಬೆಲೆ ಒಪ್ಪಿಗೆ ಇಲ್ಲ. ಏನು ಮಾಡಬೇಕು?

ಮೊದಲು ಸರ್ವೇ ರಿಪೋರ್ಟಿನ ಪ್ರತಿ ಕೇಳಿ. ಆವರೇಜ್ ಜಗಳದಲ್ಲಿ ನಷ್ಟ ಎಷ್ಟು ಎಂಬುದಕ್ಕಿಂತ ಒಟ್ಟು ಬೆಲೆ ಎಷ್ಟು ಎಂಬುದೇ ದೊಡ್ಡ ಪ್ರಶ್ನೆ. ಅಲ್ಲಿ ಹಳೆಯ, ಮಾರಾಟವಾಗದ ಮಾಲಿಗೆ ಪೂರ್ತಿ ಬೆಲೆ ಹಾಕಿದ್ದಾರಾ ನೋಡಿ. ಬೇರೆಯವರ ಮಾಲು ಸೇರಿದೆಯಾ, ಸ್ಟಾಕಿಗೆ ಕೊಂಡ ಬೆಲೆ ಬಿಟ್ಟು ಮಾರುವ ಬೆಲೆ ಹಿಡಿದಿದ್ದಾರಾ ನೋಡಿ. ನಿಮ್ಮ ಖರೀದಿ ಬಿಲ್, ಸ್ಟಾಕ್ ರಿಜಿಸ್ಟರ್, ಬ್ಯಾಂಕಿಗೆ ಕೊಟ್ಟ ಸ್ಟಾಕ್ ಸ್ಟೇಟ್‌ಮೆಂಟ್ ಮೂರೂ ಒಂದೇ ಮಾತು ಹೇಳಬೇಕು. ಸಾಲ ಜಾಸ್ತಿ ಸಿಗಲಿ ಅಂತ ಬ್ಯಾಂಕಿಗೆ ಉಬ್ಬಿಸಿ ಕೊಟ್ಟ ಲೆಕ್ಕವೇ ಇಲ್ಲಿ ನಿಮಗೆ ತಿರುಗಿ ಹೊಡೆಯುತ್ತದೆ.

ಕಂಪನಿಯ ದೂರು ವಿಭಾಗಕ್ಕೆ ಬರೆದು, ಅಲ್ಲಿ ಸರಿಯಾಗದಿದ್ದರೆ ವಿಮೆಯ ದೂರುಗಳನ್ನು ಕೇಳುವ ವಿಮಾ ಓಂಬುಡ್ಸ್‌ಮನ್ ಬಳಿಗೆ ಹೋಗಬಹುದು. ಮುಂಬೈಯಲ್ಲೂ ಪುಣೆಯಲ್ಲೂ ಕಚೇರಿ ಇದೆ. ವೈಯಕ್ತಿಕ ಪಾಲಿಸಿಯವರು, ಒಬ್ಬರೇ ಮಾಲೀಕರ ವ್ಯಾಪಾರದವರು, ಸೂಕ್ಷ್ಮ ಉದ್ಯಮದವರು ಅಲ್ಲಿ ದೂರು ಕೊಡಬಹುದು. ಶುಲ್ಕ ಇಲ್ಲ, ವಕೀಲರೂ ಬೇಡ. ಕಂಪನಿ ಇಲ್ಲ ಅಂದ ಒಂದು ವರ್ಷದೊಳಗೆ ಹೋಗಬೇಕು.